ಬೇರಿಗಂಟಿದ ಮಣ್ಣು

(ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತುಗಳು ಗಿಡದ ಬೆಳವಣಿಗೆ ಮತ್ತು ಆರೋಗ್ಯದ ಮೇಲೆ ಬೀರುವ ಪರಿಣಾಮ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವುದು ಹೆಸರುಕಾಳಿನ ಗಿಡ. ಬೆಳಿಗ್ಗೆ ಬುಡಸಮೇತ ಅಗೆದು ತಂದದ್ದು, ಈಗಷ್ಟೇ ಹೂ ಕಚ್ಚುತ್ತಿದೆ. ಇದನ್ನು ಮೆಲ್ಲಗೆ ಕೊಡವುತ್ತೇನೆ. ಸಡಿಲ ಮಣ್ಣು ಕಾಗದದ ಮೇಲೆ ಉದುರಿತು. ಇನ್ನೊಮ್ಮೆ ಕೊಡವಿದರೆ ಇನ್ನೊಂದಿಷ್ಟು. ಆದರೆ ಬೇರಿಗೆ ಅಂಟಿದ ತೆಳ್ಳನೆಯ ಪದರವೊಂದು ಉಳಿದಿದೆಯಲ್ಲ, ಅದು ಎಷ್ಟು ಕೊಡವಿದರೂ ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ಉದುರಿದ ಮಣ್ಣನ್ನು ಬದಿಗಿಟ್ಟು, ಉಳಿದದ್ದನ್ನು ಕುಂಚದಿಂದ ಜೋಪಾನವಾಗಿ ಬಿಡಿಸಿಕೊಳ್ಳುತ್ತೇವೆ. ಇವತ್ತು ನಾನು ಮಾತಾಡುವುದು ಈ ಒಂದೆರಡು ಮಿಲಿಮೀಟರ್ ಮಣ್ಣಿನ ಬಗ್ಗೆ.

ಜರ್ಮನಿಯ ಲೊರೆನ್ಸ್ ಹಿಲ್ಟ್‌ನರ್ 1904ರಲ್ಲಿ ಇದನ್ನು ‘ರೈಜೋಸ್ಫಿಯರ್’ ಎಂದು ಕರೆದರು. ನಾವು ಬೇರುವಲಯ ಎನ್ನೋಣ. ಎಲೆ ಬಿಸಿಲಿನಲ್ಲಿ ದುಡಿದು ಕಟ್ಟಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರು ಮಣ್ಣಿಗೆ ಬಿಡುತ್ತದೆ. ಸಕ್ಕರೆಯ ಜೊತೆಗೆ ಅಮೈನೋ ಆಮ್ಲ, ಸಾವಯವ ಆಮ್ಲ, ಫ್ಲೇವನಾಯ್ಡ್ ಎಂಬ ಸಸ್ಯರಾಸಾಯನಿಕ, ಲೋಳೆ, ಉದುರಿದ ಜೀವಕೋಶ, ಎಲ್ಲವೂ ಹೋಗುತ್ತವೆ. ಮಣ್ಣಿನ ಬೇರೆ ಕಡೆ ಬ್ಯಾಕ್ಟೀರಿಯಾಗಳು ಬಹುಕಾಲ ಅರೆಹೊಟ್ಟೆಯಲ್ಲಿರುತ್ತವೆ. ಬೇರು ಬಂದಲ್ಲಿ ಊಟ ಬಂದ ಹಾಗೆ. ಹಾಗಾಗಿ ಉದುರಿದ ಮಣ್ಣಿಗೆ ಹೋಲಿಸಿದರೆ ಅಂಟಿದ ಮಣ್ಣಿನಲ್ಲಿ ಅವುಗಳ ಸಂಖ್ಯೆ ಹತ್ತಾರು ಪಟ್ಟು ಹೆಚ್ಚು.

ತಿಂದ ಮೇಲೆ ಅವು ಏನು ಮಾಡುತ್ತವೆ? ಈ ಪ್ರಶ್ನೆಗೆ ಬಹಳ ವರ್ಷ ಒಂದೇ ಉತ್ತರ ಇತ್ತು: ಗಿಡಕ್ಕೆ ಗೊಬ್ಬರ ಒದಗಿಸುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಕಲ್ಲಿನಂತೆ ಕೂತ ರಂಜಕವನ್ನು ಕರಗಿಸಿ ಕೊಡುತ್ತವೆ. ಎರಡೂ ನಿಜ. ಆ ಕಾರಣಕ್ಕೇ ‘ಜೈವಿಕ ಗೊಬ್ಬರ’ ಎಂಬ ಹೆಸರು ನಿಂತಿತು. ಈ ಹೆಸರಿನಿಂದ ಉಪಕಾರವಾದಷ್ಟೇ ಅಪಚಾರವೂ ಆಗಿದೆ ಎಂದು ನನಗೆ ಅನಿಸುತ್ತದೆ. ಗೊಬ್ಬರ ಎಂದ ಕೂಡಲೇ ನಮ್ಮ ಮನಸ್ಸು ತೂಕಕ್ಕೆ ಹೋಗುತ್ತದೆ: ಎಷ್ಟು ಹಾಕಬೇಕು, ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುತ್ತದೆಯೇ? ಆದರೆ ಬೇರುವಲಯದಲ್ಲಿ ಬ್ಯಾಕ್ಟೀರಿಯಾ ಮಾಡುವ ಬಹುಪಾಲು ಕೆಲಸ ತೂಕಕ್ಕೆ ಸಿಗುವಂಥದ್ದಲ್ಲ. ಅದು ಗಿಡಕ್ಕೆ ಕೊಡುವುದು ಸುದ್ದಿ, ಸೂಚನೆ. ಕೆಲವೊಮ್ಮೆ ಸುಳ್ಳು ಸುದ್ದಿಯೂ ಹೌದು.

ಅಝೋಸ್ಪಿರಿಲಂನ ಕಥೆಯಿಂದಲೇ ಶುರು ಮಾಡುತ್ತೇನೆ. 1970ರ ದಶಕದಲ್ಲಿ ಬ್ರೆಜಿಲ್‌ನ ಯೊಹಾನಾ ಡೋಬೆರೈನರ್ ಮತ್ತು ಅವರ ಸಂಗಡಿಗರು ಹುಲ್ಲಿನ ಜಾತಿಯ ಸಸ್ಯಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಈ ಬ್ಯಾಕ್ಟೀರಿಯಾದತ್ತ ಜಗತ್ತಿನ ಗಮನ ಸೆಳೆದರು. ದ್ವಿದಳ ಧಾನ್ಯಗಳಿಗಷ್ಟೇ ಇದ್ದ ಸೌಭಾಗ್ಯ ಗೋಧಿ, ಮೆಕ್ಕೆಜೋಳಕ್ಕೂ ಸಿಕ್ಕಿತು ಎಂದು ಎಲ್ಲರಿಗೂ ಸಂಭ್ರಮ. ಬೀಜಕ್ಕೆ ಹಚ್ಚಿ ಬಿತ್ತಿದರು, ಅನೇಕ ಕಡೆ ಬೆಳೆ ಚೆನ್ನಾಗಿಯೂ ಬಂತು. ಆದರೆ ಗಿಡದೊಳಗಿನ ಸಾರಜನಕ ಎಲ್ಲಿಂದ ಬಂತೆಂದು ಅಳೆದು ನೋಡಿದಾಗ, ಗಾಳಿಯಿಂದ ಬಂದದ್ದು ಹಲವು ಪ್ರಯೋಗಗಳಲ್ಲಿ ತೀರಾ ಕಡಿಮೆ. ಹಾಗಾದರೆ ಬೆಳೆ ಹೆಚ್ಚಿದ್ದು ಹೇಗೆ? ಬೇರು ತೊಳೆದು ನೋಡಿದವರಿಗೆ ಉತ್ತರ ಕಣ್ಣೆದುರೇ ಇತ್ತು. ಕವಲುಬೇರು ಹೆಚ್ಚಾಗಿದ್ದವು, ಬೇರುಕೂದಲು ಒತ್ತಾಗಿ ಬೆಳೆದಿದ್ದವು. ಬ್ಯಾಕ್ಟೀರಿಯಾ ಗಿಡಕ್ಕೆ ಉಣಿಸಿರಲಿಲ್ಲ. ಗಿಡವೇ ಹೆಚ್ಚು ಹುಡುಕಿ ಉಣ್ಣುವಂತೆ ಬೇರನ್ನು ಬದಲಿಸಿತ್ತು.

ಇದರ ಹಿಂದಿದ್ದ ಮುಖ್ಯ ವಸ್ತು ಇಂಡೋಲ್ ಅಸಿಟಿಕ್ ಆಮ್ಲ, ಚಿಕ್ಕದಾಗಿ ಐಎಎ. ಇದು ಗಿಡದ್ದೇ ಹಾರ್ಮೋನು, ಆಕ್ಸಿನ್ ಎಂಬ ಹಾರ್ಮೋನುಗಳ ಗುಂಪಿನಲ್ಲಿ ಪ್ರಮುಖವಾದದ್ದು. ಬೇರು ಸ್ರವಿಸುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಎತ್ತಿಕೊಂಡು ಬ್ಯಾಕ್ಟೀರಿಯಾ ಅದನ್ನೇ ಐಎಎ ಮಾಡಿ ಹಿಂತಿರುಗಿಸುತ್ತದೆ. ಗಿಡ ಕೊಟ್ಟ ಕಚ್ಚಾ ಮಾಲು, ಗಿಡದ ಭಾಷೆಯಲ್ಲೇ ಬರೆದ ಪತ್ರ. ಇದನ್ನು ಕಣ್ಣಾರೆ ನೋಡಬಹುದು. ಬ್ಯಾಕ್ಟೀರಿಯಾ ಬೆಳೆದ ದ್ರಾವಣವನ್ನು ತಿಳಿಯಾಗಿಸಿ, ಅದಕ್ಕೆ ಕಬ್ಬಿಣದ ಕ್ಲೋರೈಡ್ ಬೆರೆಸಿದ ಪ್ರಬಲ ಆಮ್ಲ ಹಾಕಿ ಕತ್ತಲಲ್ಲಿ ಅರ್ಧ ಗಂಟೆ ಇಡುತ್ತೇವೆ. ಸಾಲ್ಕೋವ್‌ಸ್ಕಿ ಪರೀಕ್ಷೆ ಎಂದು ಹೆಸರು. ಹೊರಗೆ ತೆಗೆದಾಗ ನಳಿಕೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ಗಾಢವಾದಷ್ಟೂ ಐಎಎ ಹೆಚ್ಚು.

ನಾನು ವಿದ್ಯಾರ್ಥಿಯಾಗಿದ್ದಾಗ ಈ ಬಣ್ಣಕ್ಕೆ ಮರುಳಾಗಿದ್ದೆ. ಅತಿ ಗಾಢ ಗುಲಾಬಿ ಕೊಟ್ಟ ತಳಿಯೇ ಅತ್ಯುತ್ತಮ ಎಂದು ನಂಬಿ, ಅದರ ದಪ್ಪ ದ್ರಾವಣದಲ್ಲಿ ಬೀಜ ನೆನೆಸಿ ಮೊಳಕೆಗೆ ಇಟ್ಟೆ. ಐದನೆಯ ದಿನ ನೋಡಿದರೆ ಬರೀ ನೀರಿನಲ್ಲಿ ನೆನೆಸಿದ ಬೀಜಗಳ ಬೇರು ಉದ್ದವಾಗಿ ಇಳಿದಿದ್ದವು. ನನ್ನವು ಮೋಟಾಗಿ, ದಪ್ಪವಾಗಿ, ಮೈತುಂಬ ಕೂದಲು ಹೊತ್ತು ಅಲ್ಲೇ ನಿಂತಿದ್ದವು. ಅದೇ ದ್ರಾವಣವನ್ನು ಸಾಕಷ್ಟು ತೆಳುಮಾಡಿ ಬಳಸಿದಾಗ ಬೇರು ಚೆಂದವಾಗಿ ಕವಲೊಡೆಯಿತು. ಆಕ್ಸಿನ್ ವಿಷಯದಲ್ಲಿ ಇದು ಹಳೆಯ ಸತ್ಯ: ಅತ್ಯಲ್ಪ ಪ್ರಮಾಣ ಬೇರನ್ನು ಬೆಳೆಸುತ್ತದೆ, ಅದಕ್ಕಿಂತ ಹೆಚ್ಚಾದದ್ದು ತಡೆಯುತ್ತದೆ. ಓದಿ ತಿಳಿದಿದ್ದರೂ ಆ ಮೋಟು ಬೇರುಗಳನ್ನು ಬೆರಳಲ್ಲಿ ಹಿಡಿದ ಮೇಲೆಯೇ ನನಗೆ ಅದು ಮನದಟ್ಟಾದದ್ದು.

ಇದೇ ಆಕ್ಸಿನ್ ಕೈ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬುಡಗಂಟು ರೋಗ ನೋಡಬೇಕು. ಪೀಚ್, ಬಾದಾಮಿ, ಗುಲಾಬಿ ಗಿಡಗಳ ಬುಡದಲ್ಲಿ ಒರಟಾದ ಗಡ್ಡೆ ಎದ್ದು ಗಿಡ ಸೊರಗುತ್ತದೆ. ಇದನ್ನು ಮಾಡುವ ಅಗ್ರೊಬ್ಯಾಕ್ಟೀರಿಯಂ, ಹಾರ್ಮೋನು ತಯಾರಿಸಿ ಕೊಡುವ ಗೋಜಿಗೇ ಹೋಗುವುದಿಲ್ಲ. ತನ್ನ ಡಿಎನ್‌ಎಯ ಒಂದು ತುಣುಕನ್ನು ಗಿಡದ ಜೀವಕೋಶಕ್ಕೆ ಸೇರಿಸಿಬಿಡುತ್ತದೆ. ಆ ತುಣುಕಿನಲ್ಲಿ ಆಕ್ಸಿನ್ ಮತ್ತು ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ತಯಾರಿಸುವ ವಿಧಾನ ಬರೆದಿದೆ. ಅಲ್ಲಿಂದಾಚೆ ಗಿಡದ ಕೋಶವೇ ಕಡಿವಾಣವಿಲ್ಲದೆ ಹಾರ್ಮೋನು ಸುರಿಸುತ್ತಾ ಗಡ್ಡೆ ಕಟ್ಟುತ್ತದೆ. ಅಷ್ಟೇ ಅಲ್ಲ, ಓಪೈನ್ ಎಂಬ ವಿಶೇಷ ಆಹಾರವನ್ನೂ ತಯಾರಿಸಿ ರೋಗಾಣುವಿಗೆ ಬಡಿಸುತ್ತದೆ.

ಈ ರೋಗಕ್ಕೆ ಮದ್ದು ಸಿಕ್ಕಿದ್ದೂ ಇನ್ನೊಂದು ಬ್ಯಾಕ್ಟೀರಿಯಾದಿಂದ. 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅಲೆನ್ ಕೆರ್, ರೋಗಾಣುವಿನ ದಾಯಾದಿಯೇ ಆದ, ಆದರೆ ರೋಗ ತರದ ಕೆ84 ಎಂಬ ತಳಿಯನ್ನು ಗುರುತಿಸಿದರು. ಸಸಿಯನ್ನು ನೆಡುವ ಮೊದಲು ಅದರ ಬೇರನ್ನು ಈ ತಳಿಯ ದ್ರಾವಣದಲ್ಲಿ ಅದ್ದಿದರೆ ಗಡ್ಡೆ ಬರುವುದು ನಿಲ್ಲುತ್ತದೆ. ಕೆ84 ಹೊರಬಿಡುವ ಅಗ್ರೊಸಿನ್ 84 ಎಂಬ ವಸ್ತು ರೋಗಾಣುವಿನ ಆ ವಿಶೇಷ ಆಹಾರಗಳಲ್ಲಿ ಒಂದನ್ನು ಹೋಲುತ್ತದೆ. ರೋಗಾಣು ಊಟವೆಂದು ಬಾಗಿಲು ತೆರೆಯುತ್ತದೆ, ವಿಷ ಒಳಗೆ ಹೋಗಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆ ಬಾಗಿಲು ಇಲ್ಲದ ಜೀವಿಗಳಿಗೆ ತೊಂದರೆ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಗುರಿ ಹಿಡಿಯುವ ಔಷಧವನ್ನು ನಾವು ಕೂತು ಯೋಚಿಸಿದ್ದರೂ ಮಾಡಲು ಆಗುತ್ತಿತ್ತೋ ಇಲ್ಲವೋ.

ಮಿತಿಯೂ ಅದರಲ್ಲೇ ಇದೆ. ದ್ರಾಕ್ಷಿಗೆ ಗಡ್ಡೆ ತರುವ ತಳಿಗಳಿಗೆ ಆ ಬಾಗಿಲಿಲ್ಲ, ಹಾಗಾಗಿ ಅಲ್ಲಿ ಕೆ84 ಕೈಲಾಗದು. ಜೊತೆಗೆ, ಅಗ್ರೊಸಿನ್ನಿನಿಂದ ತಪ್ಪಿಸಿಕೊಳ್ಳುವ ಗುಟ್ಟು ಕೆ84ರಿಂದಲೇ ರೋಗಾಣುವಿಗೆ ದಾಟಿಬಿಡುವ ಅಪಾಯ ಇತ್ತು. ಆ ದಾಟುವ ಶಕ್ತಿಯನ್ನು ಕತ್ತರಿಸಿ ತೆಗೆದು ಕೆ1026 ಎಂಬ ತಳಿ ರೂಪಿಸಬೇಕಾಯಿತು.

ಇನ್ನು ಕಬ್ಬಿಣದ ವಿಷಯ. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಅದು ತುಕ್ಕಿನ ರೂಪದಲ್ಲಿದೆ. ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಹಿಡಿಯಲು ಬ್ಯಾಕ್ಟೀರಿಯಾಗಳು ಸಿಡೆರೊಫೋರ್ ಎಂಬ ಅಣುಗಳನ್ನು ಬಲೆಯಂತೆ ಬೀಸುತ್ತವೆ. ಇದನ್ನು ತೋರಿಸಲು ನೀಲಿ ಬಣ್ಣದ ಒಂದು ಅಗರ್ ತಟ್ಟೆ ತಂದಿದ್ದೇನೆ, ಆಮೇಲೆ ಬಂದು ನೋಡಿ. ಕಬ್ಬಿಣ ಬಣ್ಣಕ್ಕೆ ಅಂಟಿರುವವರೆಗೆ ತಟ್ಟೆ ನೀಲಿ. ನಡುವೆ ಚುಕ್ಕೆ ಇಟ್ಟ ಸೂಡೋಮೊನಾಸ್ ಬ್ಯಾಕ್ಟೀರಿಯಾ ಕಬ್ಬಿಣವನ್ನು ಕಿತ್ತುಕೊಂಡಿರುವುದರಿಂದ ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ವೃತ್ತ ಮೂಡಿದೆ. 1980ರಲ್ಲಿ ಜೋಸೆಫ್ ಕ್ಲೋಪರ್ ಮತ್ತು ಸಹೋದ್ಯೋಗಿಗಳು, ಸೂಡೋಮೊನಾಸ್ ಗಿಡಗಳನ್ನು ಬೆಳೆಸುವುದರ ಹಿಂದೆ ಈ ಸಿಡೆರೊಫೋರ್‌ಗಳ ಕೈವಾಡ ಇದೆ ಎಂದು ತೋರಿಸಿದರು. ಬೇರಿನ ಸುತ್ತಲಿನ ಕಬ್ಬಿಣವನ್ನು ಬಾಚಿಕೊಂಡು ಹಾನಿಕಾರಕ ಸೂಕ್ಷ್ಮಜೀವಿಗಳನ್ನು ಉಪವಾಸ ಕೆಡವುವುದು ಆ ಬ್ಯಾಕ್ಟೀರಿಯಾದ ತಂತ್ರ. ಗಿಡಕ್ಕೆ ಆಗುವ ಲಾಭ ಪರೋಕ್ಷವಾದದ್ದು: ಶತ್ರುವಿಗೆ ಊಟ ತಪ್ಪಿತು, ಅಷ್ಟೇ.

ರಂಜಕ ಕರಗಿಸುವುದೂ ಹೆಚ್ಚು ಕಡಿಮೆ ಇಂಥದ್ದೇ. ಬ್ಯಾಕ್ಟೀರಿಯಾಗಳು ಗ್ಲುಕೋನಿಕ್ ಆಮ್ಲದಂಥವನ್ನು ಸ್ರವಿಸಿ ಸುಣ್ಣಕ್ಕೆ ಕಟ್ಟಿಕೊಂಡ ರಂಜಕವನ್ನು ಬಿಡಿಸುತ್ತವೆ. ಬರ, ಜೌಗು, ಉಪ್ಪಿನಿಂದ ನಲುಗಿದ ಗಿಡದಲ್ಲಿ ಎಥಿಲೀನ್ ಎಂಬ ಅನಿಲ ಹಾರ್ಮೋನು ಏರಿ ಬೇರು ನಿಂತುಹೋಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ಆಗಬೇಕಿದ್ದ ಕಚ್ಚಾ ವಸ್ತುವನ್ನೇ ಒಡೆದು ತಿಂದು ಆ ಒತ್ತಡ ಇಳಿಸುತ್ತವೆ. ಇವನ್ನು ಇಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತೇನೆ, ಏಕೆಂದರೆ ಗೋಧಿ ಹೊಲದ ಕಥೆ ಹೇಳದೆ ಇರಲಾರೆ.

ಗೋಧಿಯ ಬೇರು ಕೊಳೆಸುವ ಒಂದು ಶಿಲೀಂಧ್ರವಿದೆ. ಅದರ ರೋಗಕ್ಕೆ ‘ಟೇಕ್-ಆಲ್’ ಎನ್ನುತ್ತಾರೆ, ಎಲ್ಲವನ್ನೂ ಕಸಿದುಕೊಳ್ಳುವುದು ಎಂಬರ್ಥ. ಒಂದೇ ಹೊಲದಲ್ಲಿ ವರ್ಷ ವರ್ಷ ಗೋಧಿಯನ್ನೇ ಬೆಳೆದರೆ ರೋಗ ಏರುತ್ತಾ ಹೋಗುತ್ತದೆ. ಇಲ್ಲಿಯವರೆಗೆ ಆಶ್ಚರ್ಯವಿಲ್ಲ. ಆದರೆ ಧೈರ್ಯ ಮಾಡಿ ಗೋಧಿಯನ್ನೇ ಮುಂದುವರಿಸಿದವರ ಹೊಲದಲ್ಲಿ ಕೆಲವು ವರ್ಷಗಳ ಬಳಿಕ ರೋಗ ತಾನಾಗಿಯೇ ಇಳಿಯತೊಡಗುತ್ತದೆ. ಶಿಲೀಂಧ್ರ ಇದ್ದೇ ಇರುತ್ತದೆ, ಗಿಡ ಮಾತ್ರ ಬದುಕುತ್ತದೆ. ಅಂಥ ಮಣ್ಣನ್ನು ಕಾಯಿಸಿದರೆ ಈ ಗುಣ ಹೋಗಿಬಿಡುತ್ತದೆ. ಅದರ ಒಂದು ಹಿಡಿಯನ್ನು ರೋಗದ ಮಣ್ಣಿಗೆ ಬೆರೆಸಿದರೆ ಗುಣ ಅಲ್ಲಿಗೂ ಹೋಗುತ್ತದೆ. ಅಂದರೆ ಅದು ಜೀವಂತವಾದದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇಮ್ಸ್ ಕುಕ್, ಡೇವಿಡ್ ವೆಲ್ಲರ್, ಲಿಂಡಾ ಥಾಮಶೋ ಮುಂತಾದವರು ಇದರ ಬೆನ್ನು ಹತ್ತಿದರು. ರೋಗ ತಗುಲಿದ ಬೇರಿನ ಗಾಯದಿಂದ ಒಸರುವುದನ್ನು ತಿಂದು ಅಲ್ಲಿ ಸೂಡೋಮೊನಾಸ್‌ಗಳು ಹೆಚ್ಚುತ್ತವೆ, ಅವುಗಳಲ್ಲಿ ಕೆಲವು ಡೈಅಸಿಟೈಲ್‌ಫ್ಲೋರೋಗ್ಲುಸಿನಾಲ್ ಎಂಬ ಶಿಲೀಂಧ್ರನಾಶಕವನ್ನು ತಯಾರಿಸುತ್ತವೆ. ಹೆಸರು ಉದ್ದ, ಡಿಎಪಿಜಿ ಎನ್ನೋಣ. ಒಂದು ಗ್ರಾಂ ಬೇರಿಗೆ ಇಂಥ ಬ್ಯಾಕ್ಟೀರಿಯಾ ಸುಮಾರು ಒಂದು ಲಕ್ಷ ದಾಟಿದರೆ ರಕ್ಷಣೆ ಸಿಗುತ್ತದೆ; ಅದಕ್ಕಿಂತ ಕೆಳಗಿಳಿದರೆ ಇಲ್ಲ. ಗೋಧಿ ಬಿಟ್ಟು ಬೇರೆ ಬೆಳೆ ಹಾಕಿದರೆ ಈ ಕಾವಲು ಸಡಿಲಾಗುತ್ತದೆ.

ಈ ಒಂದು ಲಕ್ಷದ ಗೆರೆ ನನಗೆ ಬಹಳ ಮುಖ್ಯ. ಜೈವಿಕ ಗೊಬ್ಬರದ ಬಾಟಲಿಯ ಮೇಲೆ ಎಷ್ಟು ಕೋಟಿ ಬ್ಯಾಕ್ಟೀರಿಯಾ ಎಂದು ಬರೆದಿದೆ ಎಂಬುದು ಗಿಡಕ್ಕೆ ಬೇಕಿಲ್ಲ. ಬಿತ್ತಿ ಮೂರು ವಾರದ ಮೇಲೆ ಬೇರಿನ ತುದಿಯಲ್ಲಿ ಎಷ್ಟು ಉಳಿದಿವೆ, ಅಲ್ಲಿ ಅವು ಆ ವಸ್ತುವನ್ನು ತಯಾರಿಸುತ್ತಿವೆಯೇ ಎಂಬುದೇ ಪ್ರಶ್ನೆ. ಪ್ರಯೋಗಾಲಯದಲ್ಲಿ ಅದ್ಭುತವಾಗಿ ಕೆಲಸ ಮಾಡಿದ ತಳಿ ಹೊಲದಲ್ಲಿ ಕೈಕೊಡುವುದಕ್ಕೆ ನಾನು ಕಂಡ ಮೊದಲ ಕಾರಣ ಇದು. ಬಿಸಿಲಿಗೆ ಸತ್ತಿರುತ್ತವೆ, ಬೀಜಕ್ಕೆ ಹಚ್ಚಿದ ಔಷಧಕ್ಕೆ ಸತ್ತಿರುತ್ತವೆ, ಅಥವಾ ಮೊದಲೇ ನೆಲೆಸಿದ ಸಾವಿರಾರು ಜಾತಿಗಳ ನಡುವೆ ಜಾಗ ಸಿಗದೆ ಅಳಿದಿರುತ್ತವೆ.

ಮುಟ್ಟದೆಯೂ ಪರಿಣಾಮ ಬೀರುವ ವಸ್ತುಗಳಿವೆ. 2003ರಲ್ಲಿ ಚೂಂಗ್-ಮಿನ್ ರ್ಯೂ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಎಷ್ಟು ಸರಳ ಎಂದರೆ ಶಾಲಾ ಮಕ್ಕಳಿಗೂ ವಿವರಿಸಬಹುದು. ನಡುವೆ ಗೋಡೆಯಿರುವ ಪೆಟ್ರಿ ತಟ್ಟೆ. ಒಂದು ಕಡೆ ಅರಾಬಿಡೋಪ್ಸಿಸ್ ಎಂಬ ಪುಟ್ಟ ಗಿಡ, ಇನ್ನೊಂದು ಕಡೆ ಬ್ಯಾಸಿಲಸ್ ಬ್ಯಾಕ್ಟೀರಿಯಾ. ನೀರು ದಾಟುವುದಿಲ್ಲ, ಗಾಳಿ ಮಾತ್ರ ಒಂದೇ. ಬ್ಯಾಸಿಲಸ್ ಇದ್ದ ತಟ್ಟೆಯ ಗಿಡಗಳ ಎಲೆ ಅಗಲವಾಗಿ ಹರಡಿದವು. ಗಾಳಿಯಲ್ಲಿ ತೇಲಿಬಂದ ಬ್ಯೂಟೇನ್‌ಡಯಾಲ್ ಮತ್ತು ಅಸಿಟೋಯಿನ್ ಇದರ ಹಿಂದಿದ್ದ ವಸ್ತುಗಳು. ಮುಚ್ಚಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಕೂಡ ಸೇರಿಕೊಂಡು ಗಿಡವನ್ನು ಬೆಳೆಸಬಲ್ಲದು ಎಂದು ಆಮೇಲೆ ಬೇರೆ ವಿಜ್ಞಾನಿಗಳು ಎಚ್ಚರಿಸಿದರು. ಅದು ಸರಿಯಾದ ಎಚ್ಚರಿಕೆ. ತೆರೆದ ಹೊಲದಲ್ಲಿ ಈ ಆವಿಗಳು ಎಷ್ಟು ಕೆಲಸ ಮಾಡುತ್ತವೆ ಎಂದು ಹೇಳುವಾಗ ತಟ್ಟೆಯ ಫಲಿತಾಂಶವನ್ನು ಹಾಗೇ ಎತ್ತಿ ಇಡಬಾರದು.

ಬೇರಿನಲ್ಲಿರುವ ಬ್ಯಾಕ್ಟೀರಿಯಾ ಎಲೆಯ ರೋಗವನ್ನು ತಡೆಯುವುದನ್ನು 1991ರಲ್ಲಿ ಬೇರೆ ಬೇರೆ ಗುಂಪುಗಳು ವರದಿ ಮಾಡಿದವು. ಔಷಧ ಬೇರಿನಿಂದ ಎಲೆಗೆ ಏರಿದ್ದಲ್ಲ. ಬ್ಯಾಕ್ಟೀರಿಯಾದ ಸರ್ಫ್ಯಾಕ್ಟಿನ್‌ನಂಥ ಕೊಬ್ಬು-ಪೆಪ್ಟೈಡ್ (ಕೊಬ್ಬಿಗೆ ಅಂಟಿದ ಅಮೈನೋ ಆಮ್ಲಗಳ ಕಿರು ಸರಪಳಿ), ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನಿನ ಒಂದು ತುಣುಕು, ಇಂಥವುಗಳ ಸುಳಿವು ಸಿಕ್ಕರೆ ಗಿಡ ಮೈಯೆಲ್ಲ ಎಚ್ಚರವಾಗುತ್ತದೆ. ಬಾಲದ ಪ್ರೋಟೀನಿನಲ್ಲಿ ಬರೀ 22 ಅಮೈನೋ ಆಮ್ಲಗಳ ತುಣುಕನ್ನು ಗಿಡ ಗುರುತಿಸಬಲ್ಲದು. ಹಾಗೆಯೇ ಮೋಸ ಮಾಡುವವರೂ ಇದ್ದಾರೆ. ಎಲೆಯ ಮೇಲೆ ಬ್ಯಾಕ್ಟೀರಿಯಾ ಕಂಡರೆ ಗಿಡ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ. ಸೂಡೋಮೊನಾಸ್ ಸಿರಿಂಜೆ ಎಂಬ ರೋಗಾಣು ಗಿಡದ ಜಾಸ್ಮೋನೇಟ್ ಹಾರ್ಮೋನಿನ ವೇಷದ ಕೊರೊನಾಟಿನ್ ಬಿಟ್ಟು ಆ ಬಾಗಿಲನ್ನು ಮತ್ತೆ ತೆರೆಸುತ್ತದೆ.

ಈಗ ಮತ್ತೆ ನಮ್ಮ ಹೆಸರಿನ ಗಿಡಕ್ಕೆ ಬರೋಣ. ಬೇರಿನಲ್ಲಿ ಸಾಸಿವೆಗಿಂತ ದೊಡ್ಡದಾದ ಉರುಟು ಗಂಟುಗಳು ಕಾಣುತ್ತಿವೆ. ಇವು ರೋಗದ ಗಂಟಲ್ಲ. ಬೇರು ಬಿಟ್ಟ ಫ್ಲೇವನಾಯ್ಡನ್ನು ಗುರುತಿಸಿದ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಅದಕ್ಕೆ ಉತ್ತರವಾಗಿ ನಾಡ್ ಅಂಶ ಎಂಬ ಅಣುವನ್ನು ಬಿಡುತ್ತದೆ. ಸಕ್ಕರೆಯ ನಾಲ್ಕೈದು ಕೊಂಡಿಗಳು, ತುದಿಗೆ ಕೊಬ್ಬಿನ ಒಂದು ಬಾಲ. ಇದರ ರಚನೆ 1990ರಲ್ಲಿ ಬಿಡಿಸಿಕೊಂಡಿತು. ನೀರಿನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ದ್ರಾವಣವಾದರೂ ಸಾಕು, ಬೇರುಕೂದಲಿನ ಆಕಾರ ಬದಲಾಗತೊಡಗುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಆ ಕೂದಲು ಊರುಗೋಲಿನ ಹಿಡಿಯಂತೆ ಬಾಗಿ ಅದನ್ನು ಅಪ್ಪಿಕೊಳ್ಳುತ್ತದೆ, ಒಳಗೆ ದಾರಿ ಮಾಡಿಕೊಡುತ್ತದೆ, ಆಳದಲ್ಲಿ ಗಂಟು ಕಟ್ಟಲು ಕೋಶಗಳು ವಿಭಜನೆಗೆ ತೊಡಗುತ್ತವೆ. ಕೊಂಡಿಗೆ ಅಂಟಿದ ಪರಮಾಣುಗಳ ಸಣ್ಣ ಗುಂಪೊಂದು ಬದಲಾದರೆ ಇನ್ನೊಂದು ಜಾತಿಯ ಗಿಡ ಬಾಗಿಲೇ ತೆರೆಯದಿರಬಹುದು. ಕಡಲೆಯ ಬ್ಯಾಕ್ಟೀರಿಯಾವನ್ನು ಹೆಸರಿಗೆ ಹಚ್ಚಿ ಗಂಟು ಬರಲಿಲ್ಲ ಎಂದು ಬೇಸರಪಟ್ಟರೆ ತಪ್ಪು ಬ್ಯಾಕ್ಟೀರಿಯಾದ್ದಲ್ಲ.

2011ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರಗಳೂ ಹೆಚ್ಚುಕಡಿಮೆ ಇದೇ ಬಗೆಯ ಅಣುವನ್ನು ಬಳಸುತ್ತವೆ. ಆ ಶಿಲೀಂಧ್ರಗಳ ನಂಟು ನೆಲದ ಸಸ್ಯಗಳೊಡನೆ 40 ಕೋಟಿ ವರ್ಷಕ್ಕೂ ಹಳೆಯದು, ದ್ವಿದಳ ಸಸ್ಯಗಳು ಹುಟ್ಟುವುದಕ್ಕೂ ಬಹಳ ಹಿಂದಿನದು. ಗಿಡಕ್ಕೆ ಮೊದಲೇ ಅರ್ಥವಾಗುತ್ತಿದ್ದ ಮಾತನ್ನೇ ಬ್ಯಾಕ್ಟೀರಿಯಾ ಕಲಿತುಕೊಂಡಿತೇನೋ ಎಂದು ನಾನು ಊಹಿಸುತ್ತೇನೆ.

ಸೋಯಾಬೀನ್‌ನಂಥ ಬೆಳೆಗಳಲ್ಲಿ ನಾಡ್ ಅಂಶವನ್ನೇ ಬೀಜಕ್ಕೆ ಲೇಪಿಸುವ ಪದ್ಧತಿ ಬಂದಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ, ಸೋಯಾ ಬೇರುಗಂಟಿನಿಂದ ತೆಗೆದ ಒಂದು ಬ್ಯಾಸಿಲಸ್‌ನಲ್ಲಿ ಥುರಿಸಿನ್ 17 ಎಂಬ ಪುಟ್ಟ ಪೆಪ್ಟೈಡ್ ಸಿಕ್ಕಿತು. ಅದನ್ನು ಬ್ಯಾಸಿಲಸ್ ತಯಾರಿಸುವುದು ತನ್ನ ಹತ್ತಿರದ ಸಂಬಂಧಿಗಳನ್ನು ಕೊಲ್ಲಲು. ಆದರೆ ಅತ್ಯಲ್ಪ ಪ್ರಮಾಣದಲ್ಲಿ ಗಿಡಕ್ಕೆ ಕೊಟ್ಟಾಗ ಬೆಳವಣಿಗೆ ಹೆಚ್ಚಿತು. ಒಬ್ಬರ ಮೇಲೆ ಎಸೆದ ಕಲ್ಲು ಇನ್ನೊಬ್ಬರ ಬಾಗಿಲು ತಟ್ಟಿದ ಹಾಗೆ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಮೊದಲನೆಯದು: “ಇವೆಲ್ಲ ಪ್ರಕೃತಿಯಲ್ಲೇ ಇರುವ ವಸ್ತುಗಳು ತಾನೆ? ಹಾಗಾದರೆ ಯಾವ ಭಯವೂ ಇಲ್ಲದೆ ಬಳಸಬಹುದಲ್ಲ?”

ಇಲ್ಲ. ಸ್ಟ್ರೆಪ್ಟೊಮೈಸಿನ್ ಕೂಡ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತುವೇ, 1943ರಲ್ಲಿ ಸಿಕ್ಕದ್ದು. ಸೇಬು ಮತ್ತು ಪಿಯರ್ ಮರಗಳ ಬೆಂಕಿರೋಗಕ್ಕೆ ಅದನ್ನು ಸಿಂಪಡಿಸಿದರು, ಕ್ರಮೇಣ ಹಲವೆಡೆ ಆ ರೋಗಾಣು ಅದಕ್ಕೆ ಬಗ್ಗದಂತಾಯಿತು. ಮನುಷ್ಯರ ಕ್ಷಯಕ್ಕೆ ಕೊಟ್ಟ ಮದ್ದನ್ನು ತೋಟದಲ್ಲಿ ಸುರಿಯುವ ಮೊದಲು ನಾವು ಹೆಚ್ಚು ಯೋಚಿಸಬೇಕಿತ್ತು ಎಂದೇ ನನ್ನ ಭಾವನೆ. ಆಕ್ಸಿನ್ನಿನ ಎರಡು ಮುಖಗಳನ್ನು ಆಗಲೇ ನೋಡಿದಿರಿ. ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ ಎಷ್ಟು, ಎಲ್ಲಿ, ಯಾವಾಗ ಎಂದು ಕೇಳಿ. ಹೊಲದಲ್ಲಿ ಏನನ್ನೇ ಬಳಸಿದರೂ ನೆಲದ ಒಂದು ಪಟ್ಟಿಯನ್ನು ಅದನ್ನು ಹಾಕದೆ ಬಿಡಿ. ಹೋಲಿಸಲು ಅದು ಇಲ್ಲದಿದ್ದರೆ ಮಳೆಯ ಉಪಕಾರವನ್ನು ಬಾಟಲಿಗೆ ಬರೆದುಬಿಡುತ್ತೇವೆ.

ಎರಡನೆಯದು: “ಗಂಟು ಇದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು?”

ಇದಕ್ಕೆ ಉಪಕರಣ ಬೇಡ. ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡವನ್ನು ಎಳೆಯದೆ ಅಗೆದು ತೆಗೆಯಿರಿ. ಎಳೆದರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ತೊಳೆದು, ದೊಡ್ಡ ಗಂಟೊಂದನ್ನು ಬ್ಲೇಡಿನಿಂದ ಅಡ್ಡ ಸೀಳಿ. ಒಳಗೆ ಬಿಳಿ ಅಥವಾ ಹಸಿರು ಇದ್ದರೆ ಅದು ಇನ್ನೂ ಶುರುಮಾಡಿಲ್ಲ, ಇಲ್ಲವೇ ಮುಗಿಸಿದೆ, ಅಥವಾ ಒಳಗಿರುವುದು ದುಡಿಯದ ತಳಿ. ಮಣ್ಣಿಗೆ ಸಾರಜನಕದ ಗೊಬ್ಬರ ವಿಪರೀತ ಬಿದ್ದಿದ್ದರೆ ಗಂಟೇ ಕಡಿಮೆ ಇರುತ್ತವೆ, ಬೇಡದ್ದನ್ನು ಸಾಕಲು ಗಿಡ ಒಪ್ಪುವುದಿಲ್ಲ. ಕೆಂಪಗಿದ್ದರೆ ದುಡಿಯುತ್ತಿದೆ ಎಂದು ತಿಳಿಯಿರಿ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನಂಟ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಬ್ಯಾಕ್ಟೀರಿಯಾಗೆ ಉಸಿರಾಡಲೂ ಆಮ್ಲಜನಕ ಬೇಕು; ಇವೆರಡರ ನಡುವೆ ಅಳೆದು ಅಳೆದು ಬಡಿಸುವುದು ಅದರ ಕೆಲಸ.

ಬ್ಲೇಡು, ಮಸೂರ, ಗಿಡ ಮೂರೂ ಮೇಜಿನ ಮೇಲಿವೆ. ಒಬ್ಬೊಬ್ಬರಾಗಿ ಬಂದು ಸೀಳಿ ನೋಡಿ. ಸೀಳಿದ ಕೂಡಲೇ ನೋಡಬೇಕು. ಗಾಳಿಗೆ ಬಿಟ್ಟರೆ ಆ ಕೆಂಪು ಕಂದಾಗಿಬಿಡುತ್ತದೆ.